ಸೆರ್ಟೋರಿಯಸ್ ಪಾಠ ಹೇಳಿದ ಮಾಸ್ಟ್ರು

ಅವರ ಕರಿ ಶೂಗಳು ನಮ್ಮ ಬಾಗಿಲ ಹೊರಗೆ ಕಾಣುತ್ತಲೇ ಇರಲಿಲ್ಲ. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ನಮ್ಮ ಬಿಲ್ಡಿಂಗಿನಲ್ಲಿ ಯಾರ ಮನೆಗೆ ಯಾರು ಬಂದಿದ್ದಾರೆಂದು ತಿಳಿಯಲು ಕಾರಿಡಾರಿನಲ್ಲಿ ಬಿಟ್ಟ ಚಪ್ಪಲಿ ನೋಡಿದರೆ ಸಾಕು. ಈ ಮನುಷ್ಯ ಮಾತ್ರ ಶೂ ಬಿಚ್ಚಿ, ಕಿಸೆಯಿಂದ ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿಟ್ಟು ಗಂಟು ಹಾಕಿ, ಒಳಗೆ ತಂದು ತಮ್ಮ ಕುರ್ಚಿಯ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಎಡಗಾಲಿನದರ ಹಿಮ್ಮಡಿ ಸವೆದು ಓರೆಯಾಗಿತ್ತು. ಮೊದಲ ದಿನವೇ ನನಗೆ ಅನಿಸಿತು, ದಿಸ್ ಮ್ಯಾನ್ ಈಸ್ ಹೈಡಿಂಗ್ ಸಮ್‌ಥಿಂಗ್.

ಅವರು ನನ್ನ ಮೊಮ್ಮಗಳ ಟ್ಯೂಷನ್ ಮಾಸ್ಟ್ರು. ನಮ್ಮ ಊರ ಕಡೆಯವರೇ, ಬ್ಯಾರಿ ಮುಸ್ಲಿಮರು, ಐವತ್ತರ ಆಸುಪಾಸು. ಮಗಳು ಆಸ್ಪತ್ರೆಯಲ್ಲಿ ನರ್ಸ್, ಅಳಿಯ ಹೋಟೆಲಿನಲ್ಲಿ. ಹುಡುಗಿ ಶಾಲೆಯಿಂದ ಬರುವಾಗ ಮನೆಯಲ್ಲಿ ಯಾರಾದರೂ ಇರಲಿ ಅಂತ ಎಪ್ಪತ್ತು ದಾಟಿದ ನನ್ನನ್ನು ಮಂಗಳೂರಿನಿಂದ ಕರೆಸಿಕೊಂಡಿದ್ದರು. ಹಾಗಾಗಿ ವಾರಕ್ಕೆ ಮೂರು ಸಂಜೆ ಮಾಸ್ಟ್ರ ಮೇಲೆ ಕಣ್ಣಿಡುವ ಕೆಲಸ ನನ್ನದಾಯಿತು.

ಕಣ್ಣಿಡಲು ಬೇಕಾದಷ್ಟಿತ್ತು. ಲಿಫ್ಟ್ ಇದ್ದರೂ ಐದು ಮಾಳಿಗೆ ಹತ್ತಿಯೇ ಬರುತ್ತಿದ್ದರು. ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿರಲಿಲ್ಲ. ಬೆಲ್ ಆದರೆ ಪುಸ್ತಕ ಮುಚ್ಚಿ, "ಯಾರಾದರೂ ಕೇಳಿದರೆ ನಾನು ನಿನ್ನ ಅಂಕಲ್, ಆಯ್ತಾ?" ಅನ್ನುತ್ತಿದ್ದರು.

ಮಗಳನ್ನು ಕೇಳಿದೆ. "ಮಮ್ಮಿ, ಇಲ್ಲಿ ಪ್ರೈವೇಟ್ ಟ್ಯೂಷನ್‌ಗೆ ಪರ್ಮಿಷನ್ ಇಲ್ಲ. ಅವರಿದ್ದ ಶಾಲೆ ಮುಚ್ಚಿಹೋಯಿತು. ವೀಸಾ ಮುಗಿದಿದೆ, ಫೈನ್ ಏರ್ತಾ ಉಂಟು, ಅದು ಕಟ್ಟದೆ ಊರಿಗೆ ಹೋಗುವ ಹಾಗಿಲ್ಲ. ಪಾಪದವರು," ಅಂದಳು.

"ಪಾಪದವರು ಚಪ್ಪಲಿ ಅಡಗಿಸುವುದಿಲ್ಲ ಬಾಯೆ," ಅಂದೆ ನಾನು.

ಮಾಸ್ಟ್ರಿಗೆ ಬೇಕಾಗಿದ್ದದ್ದು ಒಂದೇ. ಊರಲ್ಲಿ ಹಾಸಿಗೆ ಹಿಡಿದಿದ್ದ ಉಮ್ಮನನ್ನು ಜೀವ ಇರುವಾಗ ಒಮ್ಮೆ ನೋಡುವುದು. ಆರು ವರ್ಷ ಆಯ್ತು ನೋಡಿ ಅಂತ ಹೇಳಿದ್ದರು. ನನಗೆ ನಂಬಿಕೆ ಬರಲಿಲ್ಲ. ಮೂರೂವರೆ ಗಂಟೆಯ ಫ್ಲೈಟು. ತಾಯಿ ಬೇಕಾದವನು ಹೇಗಾದರೂ ಹೋಗುತ್ತಾನೆ, ಹೋಗದವನಿಗೆ ಊರಲ್ಲೂ ಏನೋ ಕೇಸಿರಬೇಕು ಅಂತ ನನ್ನ ಲೆಕ್ಕ.

ಆ ವರ್ಷ ಮೊಮ್ಮಗಳಿಗೆ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟರು. ಒಬ್ಬ ರೋಮನ್ ಸೇನಾಪತಿಯ ಜೀವನ ಬರೆಯಬೇಕು. ಕ್ಲಾಸಿನವರೆಲ್ಲ ಸೀಸರ್ ಹಿಂದೆ. ಮಾಸ್ಟ್ರು, "ಸೀಸರ್ ಬೇಡ, ನಾವು ಸೆರ್ಟೋರಿಯಸ್‌ನನ್ನು ತೆಗೆದುಕೊಳ್ಳುವ," ಅಂದರು.

ಅಡುಗೆಮನೆಯಿಂದಲೇ ನನ್ನ ಕಿವಿ ನೆಟ್ಟಗಾಯಿತು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಇಡೀ ರೋಮನ್ ಹಿಸ್ಟರಿ ಬಾಯಿಪಾಠ ಮಾಡಿಸಿದ್ದರು. ಈ ಹೆಸರು ಕೇಳಿದ್ದೇ ಇಲ್ಲ.

"ಮಾಸ್ಟ್ರೇ, ಈ ಜನ ನಿಜವಾಗಿ ಇದ್ದದ್ದಾ, ಅಲ್ಲ ನೀವೇ ಮಾಡಿದ್ದಾ?"

"ಇದ್ದ ಬಾಯಮ್ಮ. ಸೋತವನು, ಹಾಗಾಗಿ ಸಿಸ್ಟರ್ಸ್ ಬಿಟ್ಟಿರಬೇಕು," ಅಂದರು, ನಗದೆ.

ಆಮೇಲೆ ನಾನೂ ಸುಲೈಮಾನಿ ಚಹಾ ಇಡುವ ನೆಪದಲ್ಲಿ ನಿಂತು ಕೇಳುವುದು ಶುರುವಾಯಿತು. ಸಣ್ಣ ಊರಿನ ಹುಡುಗ, ಅಪ್ಪ ಬೇಗ ತೀರಿಕೊಂಡ, ಸಾಕಿದ್ದು ತಾಯಿ. ಸೋತ ಯುದ್ಧವೊಂದರಲ್ಲಿ ಗಾಯವಾಗಿದ್ದರೂ ಕವಚ ತೊಟ್ಟೇ ರೋನ್ ನದಿ ಈಜಿ ದಾಟಿದ. ವೈರಿಗಳ ಬಟ್ಟೆ ಹಾಕಿ, ಅವರ ಮಾತು ಒಂದಿಷ್ಟು ಕಲಿತು, ಅವರದೇ ಶಿಬಿರ ಹೊಕ್ಕು ಗುಟ್ಟು ತಂದ. ಇನ್ನೊಂದು ಯುದ್ಧದಲ್ಲಿ ಒಂದು ಕಣ್ಣು ಹೋಯಿತು. ಇಲೆಕ್ಷನ್‌ಗೆ ನಿಂತಾಗ ಸುಲ್ಲಾ ಎಂಬ ದೊಡ್ಡ ಮನುಷ್ಯ ಅಡ್ಡಬಂದು ಸೋಲಿಸಿದ. ಕೊನೆಗೆ ರೋಮ್ ಸುಲ್ಲಾನ ಕೈಗೆ ಬಂದಾಗ, ಸಿಕ್ಕಲ್ಲಿ ಕೊಲ್ಲಬೇಕಾದವರ ಪಟ್ಟಿಯಲ್ಲಿ ಇವನ ಹೆಸರು. ಅಷ್ಟರಲ್ಲಿ ಇವನು ಸ್ಪೇನಿಗೆ ಹೋಗಿದ್ದ. ಅಲ್ಲಿಯ ಜನರನ್ನೇ ಸೇನೆ ಮಾಡಿ ಪಾಂಪೆಯಂಥ ದೊಡ್ಡ ಸೇನಾಪತಿಗೂ ನೀರು ಕುಡಿಸಿದ. ಅಲ್ಲಿಯ ಮುಖಂಡರ ಮಕ್ಕಳಿಗೆ ಚಂದದ ಶಾಲೆ ತೆರೆದ. ಅಪ್ಪಂದಿರಿಗೆ ಖುಷಿಯೋ ಖುಷಿ.

"ಆದರೆ ಆ ಮಕ್ಕಳು ಅವನ ಕೈಯಲ್ಲಿ ಒತ್ತೆಯಾಳು," ಅಂದರು ಮಾಸ್ಟ್ರು. "ಅಪ್ಪ ತಿರುಗಿಬಿದ್ದರೆ ಮಗ ಇಲ್ಲುಂಟಲ್ಲ."

ಅವನ ಬಳಿ ಒಂದು ಬಿಳಿ ಜಿಂಕೆಮರಿ ಇತ್ತಂತೆ. ಬೇಹುಗಾರರು ಗುಟ್ಟಾಗಿ ತಂದ ಸುದ್ದಿಯನ್ನೆಲ್ಲ, ಜಿಂಕೆ ಕಿವಿಯಲ್ಲಿ ಹೇಳಿತು, ದೇವರು ಕಳಿಸಿದ್ದು ಅಂತ ಜನರಿಗೆ ಹೇಳುತ್ತಿದ್ದನಂತೆ.

"ಸರ್, ದೆನ್ ಹೀ ವಾಸ್ ಎ ಲಯರ್," ಅಂದಳು ಮೊಮ್ಮಗಳು.

"ಹೌದು, ಸುಳ್ಳೇ. ನಂಬಿದವರಿಗೆ ಬಂದ ಧೈರ್ಯ ಸುಳ್ಳಲ್ಲ."

ಸುಳ್ಳಿನ ಪರ ಮಾತಾಡುವವರು ಎಂಥವರು ಅಂತ ಇನ್ನೊಂದು ಗುರುತು ಹಾಕಿಕೊಂಡೆ.

ಗೆದ್ದಾಗಲೆಲ್ಲ ಅವನು ವೈರಿಗಳಿಗೇ ಹೇಳಿಕಳಿಸುತ್ತಿದ್ದನಂತೆ, ಕತ್ತಿ ಕೆಳಗಿಡುತ್ತೇನೆ, ಊರಿಗೆ ಹೋಗಿ ಸಾಮಾನ್ಯ ಮನುಷ್ಯನಾಗಿ ಬದುಕಲು ಬಿಡಿ ಅಂತ. ತಾಯಿಗಾಗಿ. ಯಾರೂ ಬಿಡಲಿಲ್ಲ. ತಾಯಿ ಸತ್ತ ಸುದ್ದಿ ಡೇರೆಗೇ ಬಂತು. ಏಳು ದಿನ ನೆಲಕ್ಕೆ ಬಿದ್ದುಕೊಂಡ, ಯಾರ ಮುಖವನ್ನೂ ನೋಡಲಿಲ್ಲ. ಇದನ್ನು ಹೇಳುವಾಗ ಮಾಸ್ಟ್ರು ಪುಸ್ತಕ ನೋಡುತ್ತಿರಲಿಲ್ಲ.

"ಹೌ ಡಿಡ್ ಹೀ ಡೈ?"

"ಊಟಕ್ಕೆ ಕರೆದು ಕೊಂದರು. ಅವನದೇ ಆಫೀಸರುಗಳು."

ಅದಾಗಿ ತಿಂಗಳಿಗೆ ನಾನು ಕಣ್ಣಿನ ಆಪರೇಷನ್‌ಗೆ ಊರಿಗೆ ಹೊರಟೆ. ಗಲ್ಫಿನಲ್ಲಿ ಯಾರು ಊರಿಗೆ ಹೊರಟರೂ ಪರಿಚಯದವರ ಪಾರ್ಸೆಲ್ ಬರುವುದು ರೂಢಿ. ಯಾರದೋ ಪಾರ್ಸೆಲ್ ಒಯ್ದು ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದವರ ಕತೆಯೂ ಎಲ್ಲರ ಬಾಯಲ್ಲಿರುತ್ತದೆ. ಮಾಸ್ಟ್ರು ಒಂದು ಮುಲಾಮಿನ ಡಬ್ಬಿ, ಮುಚ್ಚಳಕ್ಕೆ ಟೇಪು ಸುತ್ತಿದ ಒಂದು ಬಾಟಲಿ ತಂದರು. ಬಾಟಲಿಗೆ ಲೇಬಲ್ ಇರಲಿಲ್ಲ.

"ಎಂತ ಇದು?"

"ನೀರು ಬಾಯಮ್ಮ. ಉಮ್ಮನಿಗೆ ಬೇಕಂತೆ."

"ಊರಲ್ಲಿ ನೀರಿಲ್ಲವಾ?"

ಅವರು ಗೋಡೆಯ ಮೇಲಿನ ನಮ್ಮ ಯೇಸುವಿನ ಪಟ ನೋಡಿದರು. ಏನೋ ಹೇಳಹೊರಟು ನುಂಗಿಕೊಂಡರು. "ಇದು ಅಲ್ಲಿ ಸಿಗುವುದಿಲ್ಲ," ಅಂದರು ಅಷ್ಟೆ.

ಅವರು ಹೋದ ಮೇಲೆ ಟೇಪು ಬಿಚ್ಚಿ ಮೂಸಿದೆ. ವಾಸನೆ ಇಲ್ಲ. ವಾಸನೆ ಇಲ್ಲದ್ದೇ ಹೆಚ್ಚು ಹೆದರಿಸಿತು. ಇಡೀ ಬಾಟಲಿಯನ್ನು ಸಿಂಕಿಗೆ ಸುರಿದೆ. ಖಾಲಿ ಬಾಟಲಿ ಕೊಟ್ಟರೆ ಪ್ರಶ್ನೆ ಬರುತ್ತದೆ. ಅಡುಗೆಮನೆಯ ಕುಡಿಯುವ ನೀರಿನ ಕ್ಯಾನಿನಿಂದ ತುಂಬಿಸಿ, ಮೊದಲಿನ ಹಾಗೇ ಟೇಪು ಸುತ್ತಿದೆ. ಐ ವಾಸ್ ಕ್ವೈಟ್ ಪ್ಲೀಸ್ಡ್ ವಿತ್ ಮೈಸೆಲ್ಫ್.

ಮಂಗಳೂರಿನಲ್ಲಿ ಮಾಸ್ಟ್ರ ತಂಗಿ ನಮ್ಮ ಮನೆಗೇ ಬಂದರು. ಬಾಟಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

"ಝಮ್‌ಝಮ್ ನೀರು, ಬಾಯಮ್ಮ. ಅಣ್ಣನ ರೂಮಿನವರು ಮೆಕ್ಕಾದಿಂದ ತಂದದ್ದಂತೆ. ಮಗ ಬರದಿದ್ದರೆ ಅವನು ಕಳಿಸಿದ ಈ ನೀರಾದರೂ ಕಡೆಗೆ ಬಾಯಿಗೆ ಬೀಳಲಿ ಅಂತ ಉಮ್ಮನಿಗೆ ಒಂದೇ ಆಸೆ."

ನಾನು ಬಾಯಿ ತೆರೆದೆ. ತೆರೆದದ್ದು, "ಜೂಸ್ ಕುಡೀತೀರಾ?" ಅಂತ ಕೇಳಲು.

ಎರಡು ವಾರಕ್ಕೆ ಉಮ್ಮ ತೀರಿಕೊಂಡರು. ನಾನು ಅಬುಧಾಬಿಗೆ ಮರಳಿದಾಗ ಮೊಮ್ಮಗಳು ಹೇಳಿದಳು, "ಗ್ರ್ಯಾಂಡ್ಮಾ, ಸರ್ ನಾಲ್ಕೇ ದಿನಕ್ಕೆ ಮತ್ತೆ ಪಾಠಕ್ಕೆ ಬಂದರು. ಸೆರ್ಟೋರಿಯಸ್ ಟುಕ್ ಸೆವೆನ್." ನಮ್ಮ ಪಾದ್ರಿಯವರ ಹತ್ತಿರ ಕನ್ಫೆಷನ್ ಮಾಡಿದೆ. ದೇವರ ಕಡೆಯದು ಮುಗಿಯಿತೇನೋ, ನನ್ನ ಕಡೆಯದು ಮುಗಿಯಲಿಲ್ಲ.

ಅದೇ ವರ್ಷ, ವೀಸಾ ಇಲ್ಲದವರು ಫೈನ್ ಇಲ್ಲದೆ ಊರಿಗೆ ಹೋಗಬಹುದು ಅಂತ ಅಲ್ಲಿಯ ಸರ್ಕಾರ ಬಿಟ್ಟಿತು. ಮಾಸ್ಟ್ರಿಗೆ ದೇಶ ಬಿಡುವ ಔಟ್‌ಪಾಸ್ ಸಿಕ್ಕಿತು, ಉಮ್ಮ ಹೋಗಿ ಐದು ತಿಂಗಳಿಗೆ. ಹೇಳಿಹೋಗಲು ಬಂದ ದಿನ ಬಾಗಿಲು ತೆಗೆದರೆ, ಅವರು ಶೂಗಳನ್ನು ಹೊರಗೇ ಬಿಟ್ಟು ನಿಂತಿದ್ದರು. ಲಿಫ್ಟಿನಲ್ಲೇ ಬಂದಿದ್ದರು.

"ನಿಮ್ಮ ಉಪಕಾರ ಮರೆಯುವುದಿಲ್ಲ ಬಾಯಮ್ಮ. ನೀವು ಒಯ್ದ ನೀರು ಬಾಯಲ್ಲಿರುವಾಗಲೇ ಉಮ್ಮ ಹೋದದ್ದಂತೆ."

ಆಗ ಹೇಳಿಬಿಟ್ಟೆ. ಸಿಂಕು, ಕ್ಯಾನು, ಟೇಪು, ಎಲ್ಲ.

"ತಂಗಿಗೆ ಹೇಳಿದ್ದೀರಾ?"

"ಇಲ್ಲ."

"ಹೇಳಬೇಡಿ."

ಮತ್ತೆ, "ಆ ಕ್ಯಾನಿನದೇ ಒಂದು ಗ್ಲಾಸ್ ಕೊಡಿ," ಅಂದರು.

ಕೊಟ್ಟೆ. ಕೂತು, ಮೂರು ಸಲ ಗುಟುಕರಿಸಿ, ಒಂದು ಹನಿ ಬಿಡದೆ ಕುಡಿದರು. ಗ್ಲಾಸನ್ನು ತಾವೇ ತೊಳೆದು, ಅದೇ ಸಿಂಕಿನ ಪಕ್ಕ ಬೋರಲು ಹಾಕಿದರು. ಹೊರಗೆ ಹೋಗಿ ಆ ಓರೆ ಹಿಮ್ಮಡಿಯ ಶೂ ಹಾಕಿಕೊಂಡರು.

ಊರಿಗೆ ಮರಳಿದ ನನಗೆ ಆ ತಂಗಿ ಈಗಲೂ ಈದ್‌ಗೆ ಬಿರಿಯಾನಿ ಕಳಿಸುತ್ತಾರೆ. ಅದಕ್ಕೇ ಇಲ್ಲಿ ಯಾರ ಹೆಸರನ್ನೂ ಬರೆದಿಲ್ಲ.