ತಿಮ್ಮೇಶನ ಮೂರು ಮೆಸೇಜು

ನೆನೆಸ್ಕೊಂಡ್ರೆ ಮೈಯೆಲ್ಲ ಉರಿಯುತ್ತೆ. ಅರ್ಧ ಸಿಟ್ಟು ಗ್ರೂಪಿನ ಅಧ್ಯಕ್ಷರ ಮೇಲೆ, ಅರ್ಧ ನನ್ನ ಮೇಲೇನೇ.

ತಿಮ್ಮೇಶ ಗುಬ್ಬಿ ಸುತ್ತ ಇಪ್ಪತ್ತೆರಡು ವರ್ಷದಿಂದ ತೆಂಗಿನಮರ ಹತ್ತಿ ಕಾಯಿ ಕೀಳೋನು. ಮಾತು ಕಮ್ಮಿ. ಯಾವ ತೋಟದಲ್ಲಿ ಯಾವ ಮರ ಟೊಳ್ಳು, ಎಲ್ಲಿ ಕರೆಂಟ್ ತಂತಿ ತಾಗುತ್ತೆ, ಎಲ್ಲಾ ಬಾಯಿಪಾಠ. ತೋಟದವ್ರೂ ಮರ ಹತ್ತೋರೂ ಸೇರಿ ಟೆಲಿಗ್ರಾಂ ಗ್ರೂಪ್ ಮಾಡಿದ್ದೂ ಅವನ ಮಾತಿಗೇ. ಇವತ್ತು ಯಾರ ತೋಟ, ಯಾರು ಹತ್ತೋದು, ಎಲ್ರಿಗೂ ಗೊತ್ತಾಗ್ಲಿ ಅಂತ.

ಆಮೇಲೆ ಗ್ರೂಪಲ್ಲಿ ಹಾಳು ಜಾಹೀರಾತುಗಳ ಕಾಟ ಶುರುವಾಯ್ತು. ಬಸ್ ಸ್ಟ್ಯಾಂಡ್ ಹತ್ರ ಜೆರಾಕ್ಸ್ ಅಂಗಡಿ ಇಟ್ಟಿರೋ ನನ್ನನ್ನ ಹಿಡ್ಕೊಂಡ್ರು, 'ಶಶಿಕಲಾ, ಒಂದು ಬಾಟ್ ಹಾಕ್ಕೊಡಮ್ಮ' ಅಂತ. ಬಾಟ್ ಅಂದ್ರೆ ಗ್ರೂಪಿನ ಕಾವಲುಗಾರ. ಬೇಡದ ಮೆಸೇಜನ್ನ ತಾನೇ ಅಳಿಸುತ್ತೆ. ಯಾರಿಗೆ ಯಾವ ಅಧಿಕಾರ ಅಂತ ಮಾತ್ರ ಮೊದ್ಲೇ ನಾವು ಹೇಳ್ಬೇಕು.

ಎಂಟೆಕರೆ ತೋಟದ ಗಂಗಾಧರ್ ಗ್ರೂಪಿನ ಅಧ್ಯಕ್ಷರು. ನನ್ನ ಅಂಗಡಿಗೆ ಬಂದು ಸ್ಟೂಲ್ ಎಳ್ಕೊಂಡು ಕೂತು ಹೇಳಿದ್ರು: 'ತೋಟದವ್ರು ಏನ್ ಬೇಕಾದ್ರೂ ಹಾಕ್ಲಿ. ಮರ ಹತ್ತೋರು ಓದಿದ್ರೆ ಸಾಕು. ಬಾಯಿ ಬಿಟ್ರೆ ಕೂಲಿ ಜಾಸ್ತಿ ಮಾಡಿ ಅಂತಾರೆ.'

'ಅವ್ರೇನಾದ್ರೂ ಹೇಳ್ಬೇಕಾದ್ರೆ, ಸಾರ್?'

'ಫೋನ್ ಇಲ್ವಾ? ಮಾಡ್ಲಿ.'

ಹೂಂ ಅಂತ ಬಾಟಲ್ಲಿ ಹಂಗೇ ಒತ್ತಿಬಿಟ್ಟೆ. ಥೂ, ನನ್ನ ಬುದ್ಧಿಗಿಷ್ಟು!

ಹೋದ ಮಂಗಳವಾರ ಪಕ್ಕದ ತೋಟದಲ್ಲಿ ಮರ ಹತ್ತಿದ್ದ ತಿಮ್ಮೇಶ, ಗಂಗಾಧರ್ ಅವ್ರ ಬಾವಿ ಮಗ್ಗುಲ ಮರದಲ್ಲಿ ಕಡಜ ಗೂಡು ಕಟ್ಟಿರೋದು ನೋಡ್ದ. ಆ ತೋಟದ ಸರದಿಗೆ ಇನ್ನೂ ವಾರ ಇದೆ, ಸಿಕ್ಕಾಗ ಹೇಳಿದ್ರಾಯ್ತು ಅಂದ್ಕೊಂಡ. ಮಾರನೇ ದಿನ ಅವನು ಕುಣಿಗಲ್ ಕಡೆ ಕೆಲ್ಸಕ್ಕೆ ಹೋಗಿದ್ದಾಗ ಗ್ರೂಪಲ್ಲಿ ಬಂತು: ಇವತ್ತು ಗಂಗಾಧರ್ ತೋಟದಲ್ಲಿ ಮರ ಹತ್ತೋನು ನರಸಯ್ಯ. ತಕ್ಷಣ ತಿಮ್ಮೇಶ ಫೋನ್ ಮಾಡ್ದ. ನರಸಯ್ಯ ಎತ್ತಲಿಲ್ಲ. ಗಂಗಾಧರ್ ಕಟ್ ಮಾಡಿದ್ರು. ಕಡಜ ಇದೆ, ಹತ್ಬೇಡ ಅಂತ ಗ್ರೂಪಿಗೆ ಹಾಕ್ದ, ಬಾಟ್ ಅಳಿಸ್ತು. ಮತ್ತೆ ಹಾಕ್ದ, ಅಳಿಸ್ತು. ಮೂರನೇದೂ ಹೋಯ್ತು. ಬೇಲಿನೇ ಎದ್ದು ಹೊಲ ಮೇಯೋದು ಅಂದ್ರೆ ಇದೇ ಅಲ್ವಾ? ಕೆಲ್ಸ ಬಿಟ್ಟು ಬೈಕ್ ಹತ್ತಿ ಬಂದ. ಬರೋ ಹೊತ್ತಿಗೆ ಕಡಜ ಮುತ್ತಿ ನರಸಯ್ಯ ಅರ್ಧ ಮರದಿಂದ ಬಿದ್ದಿದ್ದ.

ಸುದ್ದಿ ಕೇಳಿ ನಾನೂ ತುಮಕೂರಿನ ಆಸ್ಪತ್ರೆಗೆ ಓಡಿದೆ. ಜೀವ ಉಳೀತು, ಸೊಂಟ ಮುರಿದಿತ್ತು. ಇನ್ನು ಅವನು ಮರ ಹತ್ತೋ ಹಂಗಿಲ್ಲ ಅಂದ್ರು ಡಾಕ್ಟ್ರು. ಗಂಗಾಧರ್ ತಿಮ್ಮೇಶನ ಮೇಲೆ ಎಗರಾಡಿದ್ರು: 'ಗೊತ್ತಿದ್ದೋನು ಮೊದ್ಲೇ ಹೇಳಕ್ಕೇನ್ಲಾ ಆಗಿತ್ತು ನಿಂಗೆ?'

ತಿಮ್ಮೇಶ ಫೋನ್ ಮುಂದೆ ಹಿಡ್ದ. 'ನಿಮಗೆ ಅನುಮತಿ ಇಲ್ಲ' ಅಂತ ಬಾಟ್ ಮೂರು ಸಲ ಕಳ್ಸಿತ್ತು.

'ಹೇಳ್ದೆ ಸ್ವಾಮಿ' ಅಂದ.

ನಾನು ಅಲ್ಲೇ ಬೆಂಚ್ ಮೇಲೆ ಕೂತು ಮರ ಹತ್ತೋರಿಗೆಲ್ಲ ಮೆಸೇಜ್ ಹಾಕೋ ಅಧಿಕಾರ ಕೊಟ್ಟೆ, ತಿಮ್ಮೇಶನ್ನ ಅಡ್ಮಿನ್ ಮಾಡ್ದೆ.

'ಏನಮ್ಮಾ, ನನ್ನ ಒಂದ್ ಮಾತು ಕೇಳ್ದೆ ಮಾಡ್ತೀಯಾ?' ಅಂದ್ರು ಗಂಗಾಧರ್.

'ನಿಮ್ಮನ್ನ ಕೇಳಿ ಮಾಡಿದ್ದಕ್ಕೇ ಸಾರ್, ಅವ್ನು ಒಳಗೆ ಮಲಗಿರೋದು.'