ತೆಳು ದಾರದ ಸ್ವೆಟರ್

ಅವರ ಎಡ ಮುಂಗೈಯಲ್ಲಿ ಕಿರುಬೆರಳಿನಷ್ಟು ದಪ್ಪದ ನರವೊಂದು ಚರ್ಮದಡಿ ಉಬ್ಬಿ ನಿಂತಿತ್ತು. ಡಯಾಲಿಸಿಸ್‌ಗೆ ಸೂಜಿ ಚುಚ್ಚಲೆಂದು ಡಾಕ್ಟರು ಆಪರೇಷನ್ ಮಾಡಿ ದಪ್ಪ ಮಾಡಿದ ನರ ಅದು. ಬೆರಳಿಟ್ಟರೆ ಒಳಗೆ ಗುಂಯ್ ಎನ್ನುತ್ತಿತ್ತು. ಮೊದಲ ಸಲ ಮುಟ್ಟಿ ನಾನು ಬೆಚ್ಚಿಬಿದ್ದಾಗ ಅವರಿಗೆ ನಗು. "ಮೋಟಾರು ಕಣೇ. ಓಡ್ತಾ ಇದ್ಯಾ ಅಂತ ದಿನಾ ಬೆಳಿಗ್ಗೆ ಮುಟ್ಟಿ ನೋಡ್ಕೋಬೇಕು" ಎಂದಿದ್ದರು.

ಪೋರೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಬಾಗಿಲಿನ ಆಂಟಿ ಅವರು. ಮೈಸೂರಿನವರು. ಮದುವೆಯಾಗಿ ಮದ್ರಾಸಿಗೆ ಬಂದವರು ಚೆನ್ನೈ ಎನ್ನುವುದನ್ನು ಕೊನೆಯವರೆಗೂ ರೂಢಿ ಮಾಡಿಕೊಳ್ಳಲಿಲ್ಲ. ನುಂಗಂಬಾಕ್ಕಂನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ, ಹೆಣಿಗೆ ಕಲಿಸುತ್ತಿದ್ದರಂತೆ. ಈ ಸೆಕೆಯಲ್ಲಿ ಸ್ವೆಟರ್ ಯಾಕೆ ಮಿಸ್ ಎಂದು ಹುಡುಗಿಯರು ಗೊಣಗಿದರೆ, ಮೊದಲು ಹೆಣೆಯೋದು ಕಲಿ, ಆಮೇಲೆ ಊಟಿಯವನನ್ನು ಹುಡುಕಿ ಮದುವೆಯಾಗು ಎನ್ನುತ್ತಿದ್ದರಂತೆ. ಮಕ್ಕಳಿರಲಿಲ್ಲ. ಮನೆಯಲ್ಲಿ ಅವರು ಮತ್ತು ಅಂಕಲ್ ಇಬ್ಬರೇ.

ನನಗೆ ಹೆಣಿಗೆ ಕಲಿಸಿದವರು ಅವರೇ. ಆಫೀಸಿನ ಕೆಲಸ ಮುಗಿಸಿ ಸಂಜೆ ಅವರ ಮನೆಗೆ ಹೋದರೆ ಕಾಫಿಗಿಂತ ಮುಂಚೆ ಕಡ್ಡಿ ಕೈಗೆ ಬರುತ್ತಿತ್ತು. ಅವರದ್ದು ಒಂದೇ ಕಟ್ಟುನಿಟ್ಟು: ಏನೇ ಹೆಣೆಯುವ ಮುಂಚೆ ಅದೇ ದಾರದಲ್ಲಿ ಅಂಗೈಯಷ್ಟು ಚೌಕ ಹೆಣೆದು, ಒಗೆದು, ಒಣಗಿಸಿ, ನಾಲ್ಕಿಂಚಿಗೆ ಎಷ್ಟು ಸ್ಟಿಚ್ ಬರುತ್ತದೆ ಎಂದು ಎಣಿಸಬೇಕು. "ಪುಸ್ತಕ ಹೇಳೋದು ಪುಸ್ತಕದ ದಾರಕ್ಕೆ. ನಿನ್ನ ದಾರ ಏನು ಹೇಳತ್ತೆ ಅಂತ ನೀನೇ ಕೇಳ್ಬೇಕು" ಎನ್ನುತ್ತಿದ್ದರು.

ನಾನು ಕೇಳಲಿಲ್ಲ. ಮಗಳ ಕೊಡೈಕನಾಲ್ ಪ್ರವಾಸಕ್ಕೆಂದು, ಪುಸ್ತಕದಲ್ಲಿ ದಪ್ಪ ಉಲ್ಲನ್ನಿಗೆ ಕೊಟ್ಟ ಲೆಕ್ಕವನ್ನೇ ಹಿಡಿದು ಚೆಂದದ ತೆಳು ದಾರದಲ್ಲಿ ಸ್ವೆಟರ್ ಹಾಕಿದೆ. ಅದು ಅವಳ ತಲೆಯಲ್ಲೇ ಸಿಕ್ಕಿಕೊಂಡಿತು. ಅವಳು ಒಳಗಿನಿಂದಲೇ ತಮಿಳಿನಲ್ಲಿ ನನ್ನನ್ನು ಬೈದಳು. ಆಂಟಿ ಸ್ವೆಟರನ್ನು ಈಸಿಕೊಂಡು, ತುದಿ ಹುಡುಕಿ, ಮೂರು ವಾರದ ಕೆಲಸವನ್ನು ನನ್ನ ಕಣ್ಣೆದುರಿಗೇ ಬಿಚ್ಚಿ ಉಂಡೆ ಸುತ್ತಿದರು. ಆ ದಿನ ನನಗೆ ಅಳು ಬಂದಿತ್ತು, ನಿಜ. ಆಮೇಲೆ ನಾನು ಅವರಿಗಿಂತ ಕಟ್ಟುನಿಟ್ಟಾದೆ.

ವಾರಕ್ಕೆ ಮೂರು ದಿನ ಅವರಿಗೆ ಡಯಾಲಿಸಿಸ್. ಆ ವಾರ್ಡಿನ ಎ.ಸಿ. ಚಳಿಯನ್ನು ಅವರು ಮೈಸೂರಿನ ಧನುರ್ಮಾಸಕ್ಕೆ ಹೋಲಿಸುತ್ತಿದ್ದರು. ನರ್ಸುಗಳು ಕಂಬಳಿ ಕೊಡುತ್ತಿದ್ದರು, ಆದರೆ ಸೂಜಿ ಚುಚ್ಚಿದ ಕೈ ನಾಲ್ಕು ಗಂಟೆ ಹೊರಗೇ ಇರಬೇಕು. ಚಳಿ ಆ ಕೈಯಿಂದ ಹತ್ತಿ ಮೈಗೆಲ್ಲ ಹರಡುತ್ತಿತ್ತು. ಅವರ ಹಳೆಯ ಉಲ್ಲನ್ ಸ್ವೆಟರ್ ಈಗ ಮೈಗೆ ತಾಗಿದರೆ ಸಾಕು, ಕಾಯಿಲೆಯ ನವೆ ಇನ್ನಷ್ಟು ಕೆರಳಿ ರಕ್ತ ಬರುವಂತೆ ಕೆರೆದುಕೊಳ್ಳುತ್ತಿದ್ದರು. ತಾವೇ ಹತ್ತಿ ದಾರದಲ್ಲಿ ಇನ್ನೊಂದು ಹಾಕಿಕೊಳ್ಳೋಣವೆಂದರೆ ಎಡಗೈ ಬೆರಳುಗಳು ಜೋಮು ಹಿಡಿದು ಸ್ಟಿಚ್ ಜಾರಿಹೋಗುತ್ತಿತ್ತು. ನಾನು ಹಾಕಿಕೊಡುತ್ತೇನೆ ಎಂದೆ. ಎಡತೋಳಿಗೆ ಉದ್ದಕ್ಕೂ ಸೀಳು ಬಿಟ್ಟು ಗುಂಡಿ ಇಡುವುದು, ಸೂಜಿಯ ಜಾಗವಷ್ಟೇ ತೆರೆದುಕೊಳ್ಳುವುದು ಎಂದು ಇಬ್ಬರೂ ಕೂತು ಯೋಚಿಸಿದೆವು.

ಡಯಾಲಿಸಿಸ್ ಮುಗಿಸಿ ಬಂದ ಮರುದಿನ ಟೇಪ್ ಹಿಡಿದು ಹೋದರೆ ಅಳತೆ ಕೊಡಲಿಲ್ಲ. ಭಾನುವಾರ ಕಳೆಯುವಷ್ಟರಲ್ಲಿ ಮೈಯಲ್ಲಿ ಮೂರು ಕಿಲೋ ನೀರು ತುಂಬಿರುತ್ತದೆ, ಊದಿದ ಮೈಗೂ ಹಿಡಿಸಬೇಕಲ್ಲ, ಸೋಮವಾರ ಬೆಳಿಗ್ಗೆ ನಾನು ಡಯಾಲಿಸಿಸ್‌ಗೆ ಹೊರಡುವ ಮುಂಚೆ ಬಾ ಎಂದರು. ಅಳೆದೆ. ಬೆನ್ನಿಗೆ ಇಪ್ಪತ್ತು ಇಂಚು ಬೇಕಿತ್ತು. ಹಳೆಯ ದಪ್ಪ ಉಲ್ಲನ್ನಿನ ಲೆಕ್ಕದಲ್ಲಿ ಅದಕ್ಕೆ ಎಂಬತ್ತು ಸ್ಟಿಚ್. ಈ ತೆಳು ಹತ್ತಿಗೆ ನೂರಿಪ್ಪತ್ತಾದರೂ ಬೇಕು, ಸಾಲುಗಳೂ ಒಂದೂವರೆ ಪಟ್ಟು. ಕೆಲಸ ಎರಡರಷ್ಟಕ್ಕಿಂತ ಹೆಚ್ಚು.

ಆಗ ಆಂಟಿ ಅಂದರು: "ಚೌಕ ಗೀಕ ಎಲ್ಲ ಬೇಡಮ್ಮ. ಎರಡು ಎಳೆ ಸೇರಿಸ್ಕೊಂಡು ಹಳೇ ಲೆಕ್ಕಕ್ಕೇ ಹಾಕ್ಬಿಡು. ಬೇಗ ಆಗತ್ತೆ."

ನಾನು ನಕ್ಕೆ. ನೀವೇ ಹೀಗೆ ಹೇಳುವುದಾ ಎಂದು ಛೇಡಿಸಿದೆ. ಎರಡೆಳೆ ಹತ್ತಿ ಭಾರವಾಗುತ್ತದೆ, ತೊಳೆದರೆ ಜೋಲುತ್ತದೆ ಎಂದು ಅವರ ಪಾಠವನ್ನೇ ಅವರಿಗೆ ಒಪ್ಪಿಸಿದೆ. ಅವರು ವಾದಿಸಲಿಲ್ಲ. "ಸರಿ, ನಿನ್ನಿಷ್ಟ" ಎಂದರು. ಆ ವಾರ ಡಾಕ್ಟರು ಅವರ ಹೃದಯದ ಬಗ್ಗೆ ಏನು ಹೇಳಿದ್ದರೆಂದು ನನಗೆ ಗೊತ್ತಿರಲಿಲ್ಲ.

ಚೌಕ ಹೆಣೆದೆ. ನವೆಂಬರ್ ಮಳೆಯಲ್ಲಿ ಅದು ಒಣಗಲು ನಾಲ್ಕು ದಿನ ಹಿಡಿಯಿತು. ಬಿಗಿಯಾಗಿತ್ತೆಂದು ಕಡ್ಡಿ ಬದಲಿಸಿ ಇನ್ನೊಂದು ಹೆಣೆದೆ, ಅದನ್ನೂ ಒಣಗಿಸಿದೆ. ಅಲ್ಲಿಗೆ ಹತ್ತು ದಿನ. ಆಮೇಲೆ ಸಂಜೆಗೆ ಒಂದು ಇಂಚು, ಹೆಚ್ಚೆಂದರೆ ಒಂದೂವರೆ. ಆಂಟಿ ದಿನವೂ ಎಷ್ಟಾಯ್ತು ಎಂದು ಕೇಳುತ್ತಿದ್ದರು. ಒಂದು ಸಂಜೆ ಬೆನ್ನಿನ ಭಾಗದಲ್ಲಿ ಹನ್ನೆರಡು ಸಾಲು ಕೆಳಗೆ ಒಂದು ತಪ್ಪು ಸ್ಟಿಚ್ ಕಂಡಿತು. ಅವರು ಅದರ ಮೇಲೆ ಬೆರಳಾಡಿಸಿ, ಇರಲಿ ಬಿಡು, ಯಾರು ನೋಡ್ತಾರೆ ಎಂದರು. ನಾನು ಹನ್ನೆರಡು ಸಾಲೂ ಬಿಚ್ಚಿದೆ. ಅವರು ಮೆಚ್ಚಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಎಂಥ ದಡ್ಡಿ ನಾನು.

ಪೊಂಗಲ್ ಕಳೆದು ಎರಡನೇ ವಾರ, ಎಂದಿನಂತೆ ಬೆಳಿಗ್ಗೆ ಆಟೋ ಹತ್ತಿ ಹೋದವರು ವಾಪಸು ಬರಲಿಲ್ಲ. ಡಯಾಲಿಸಿಸ್ ನಡುವೆ ಬಿ.ಪಿ. ಇಳಿಯಿತು, ಮತ್ತೆ ಏರಲಿಲ್ಲ. ಎರಡು ಕಂಬಳಿ ಹೊದಿಸಿದ್ದರಂತೆ. ಕುಳಿರುದು, ಕುಳಿರುದು ಎಂದು ನರ್ಸಿಗೆ ತಮಿಳಿನಲ್ಲಿ ಹೇಳುತ್ತಲೇ ಇದ್ದರಂತೆ. ಚಳಿ, ಚಳಿ ಎಂದು. ಅಂದಿಗೆ ನನ್ನ ಕಡ್ಡಿಯಲ್ಲಿ ಎಡತೋಳು ಮೊಣಕೈಯವರೆಗೆ ಬಂದಿತ್ತು.

ವೈಕುಂಠ ಸಮಾರಾಧನೆಯಾದ ಮೇಲೆ ಉಳಿದದ್ದನ್ನು ಹೆಣೆದು ಮುಗಿಸಿದೆ. ಗುಂಡಿ ಹೊಲಿದು, ಒಗೆದು, ಹಾಸಿ ಅಳೆದೆ. ಬೆನ್ನು ಸರಿಯಾಗಿ ಇಪ್ಪತ್ತು ಇಂಚು. ಎಲ್ಲೂ ಜೋತಿರಲಿಲ್ಲ, ಒಂದೂ ತಪ್ಪು ಸ್ಟಿಚ್ ಇರಲಿಲ್ಲ. ಅಂಥ ಕೆಲಸ ನಾನು ಅದಕ್ಕೆ ಮುಂಚೆ ಮಾಡಿರಲಿಲ್ಲ, ಆಮೇಲೆ ಕಡ್ಡಿಯನ್ನೇ ಹಿಡಿದಿಲ್ಲ.

ಅದನ್ನು ಅಂಕಲ್‌ಗೆ ಕೊಡಲು ಹೋದೆ. ಅವರು ತೊಡೆಯ ಮೇಲೆ ಹರಡಿಕೊಂಡು ಎಡತೋಳಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದರು, ಒಂದೊಂದಾಗಿ ಬಿಚ್ಚಿದರು. ಆಂಟಿ ಆ ಎರಡೆಳೆಯ ಮಾತನ್ನು ಅವರಿಗೂ ಹೇಳಿದ್ದರೆಂದು ಕಾಣುತ್ತದೆ.

"ಎರಡು ಎಳೇಲಿ ಹಾಕಿದ್ರೆ ಎಷ್ಟು ದಿನ ಆಗ್ತಿತ್ತಮ್ಮ?" ಎಂದು ಕೇಳಿದರು. ದೂರು ಇರಲಿಲ್ಲ ದನಿಯಲ್ಲಿ, ಸುಮ್ಮನೆ ತಿಳಿದುಕೊಳ್ಳಲು ಕೇಳಿದ್ದರು.

"ಮೂರು ವಾರ" ಎಂದೆ.

ಅವರು ತಲೆಯಾಡಿಸಿ, ಸ್ವೆಟರನ್ನು ನೀಟಾಗಿ ಮಡಿಸಿ, ನನಗೇ ವಾಪಸು ಕೊಟ್ಟರು.