ಹದ್ದಿಗೆಂದು ಎಸೆದ ಮಾಂಸ

ನೆದರ್ಲೆಂಡ್ಸಿನ ವೆಲ್ಡ್‌ಹೋವನ್‌ನಲ್ಲಿ ನನಗೆ ಸಂಬಳ ಕೊಡುವುದೇ ತಪ್ಪಿನ ಮೂಲ ಹುಡುಕುವುದಕ್ಕೆ. ಚಿಪ್ ತಯಾರಿಸುವ ಯಂತ್ರ ಎಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು ಎಂದು ವರದಿ ಬರೆಯುತ್ತೇನೆ. ತಪ್ಪು ನನ್ನದೇ ಆಗಿದ್ದರೂ ಮೀಟಿಂಗಿನಲ್ಲಿ ಕೈಯೆತ್ತಿ ಹೇಳಿಬಿಡುತ್ತೇನೆ. ಡಚ್ಚರಿಗೆ ಅದು ಇಷ್ಟ. ಇಂಥ ಸತ್ಯವಂತೆ ಬೋಟ್ಸ್ವಾನಾದ ಕಾಡಿನಲ್ಲಿ ಒಂದು ಬೆಳಿಗ್ಗೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಅದನ್ನು ಇಷ್ಟು ದಿನ ಯಾರಿಗೂ ಹೇಳಿಲ್ಲ.

ಅಕ್ಟೋಬರಿನ ಶಾಲಾ ರಜೆಯಲ್ಲಿ ನಾನು, ನನ್ನ ಗಂಡ, ಏಳು ವರ್ಷದ ಮಗಳು ಹೊರಟಿದ್ದೆವು. ನದಿಯ ದಡದಲ್ಲಿ ಬೇಲಿಯಿಲ್ಲದ ಕ್ಯಾಂಪ್, ಸಾಲಾಗಿ ಡೇರೆಗಳು. ಪಕ್ಕದ ಡೇರೆಯಲ್ಲಿ ಹೂಫ್‌ಡಾರ್ಪ್ ಕಡೆಯ ವಯಸ್ಸಾದ ಡಚ್ ದಂಪತಿ. ಮೊದಲ ದಿನ ದೋಣಿಯಲ್ಲಿ ಕೂತು, ಆನೆಗಳು ಸೊಂಡಿಲು ಮೇಲೆತ್ತಿ ನದಿ ದಾಟುವುದನ್ನು ನೋಡಿದೆವು. ನೀರಾನೆ ಬಾಯಿ ತೆರೆದಾಗ ಮಗಳು ಕಿರುಚಿ ನನ್ನ ತೊಡೆ ಹಿಡಿದುಕೊಂಡಳು. ದಡಕ್ಕೆ ಬಂದ ಮೇಲೆ ಗೈಡ್ ಒಂದೇ ನಿಯಮ ಹೇಳಿದ: ತಿನ್ನುವ ಪದಾರ್ಥದ ಒಂದು ಚೂರೂ ಡೇರೆಯ ಹೊರಗೆ ಬೀಳಬಾರದು. ಮಿಕ್ಕಿದ್ದೆಲ್ಲ ಅಡುಗೆಯವಳ ಕಬ್ಬಿಣದ ಪೆಟ್ಟಿಗೆಗೆ ಹೋಗಬೇಕು, ಅದಕ್ಕೆ ಬೀಗ ಹಾಕುವುದು ಅವಳ ಜವಾಬ್ದಾರಿ. ನಾವು ಜಾಣ ಮಕ್ಕಳಂತೆ ತಲೆಯಾಡಿಸಿದೆವು.

ಅಡುಗೆಯವಳಿಗೆ ಐವತ್ತರ ಆಸುಪಾಸು. ಅಲ್ಲಿಯ ರೂಢಿಯಂತೆ ನಾವೂ ಅವಳನ್ನು ಮ್ಮಾ, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದೆವು. ಕೆಂಡದ ಮೇಲೆ ಸುಟ್ಟ ಮಾಂಸವನ್ನು ಅಕ್ಕರೆಯಿಂದ ತಟ್ಟೆ ತುಂಬ ಬಡಿಸಿದಳು. ಅದು ಹಲಾಲ್ ಅಲ್ಲ, ನಾವು ತಿನ್ನುವಂತಿರಲಿಲ್ಲ. ಬುಕ್ ಮಾಡುವಾಗಲೇ ಹೇಳಬೇಕಿತ್ತು, ನನ್ನ ಗಂಡ ಮರೆತಿದ್ದ.

"ನೀವೇ ಹೇಳ್ರೀ ಹೋಗಿ," ಎಂದೆ.

"ಈಗ ಹೇಳಿದ್ರೆ ಪಾಪ ಬೇಜಾರ್ ಮಾಡ್ಕೋತಾರೆ. ಡೇರೆಗೆ ತಗೊಂಡ್ ಹೋಗೋಣ. ಆಮೇಲೆ ಪೇಪರಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದ್ರಾಯ್ತು."

ಹಾಗೇ ಮಾಡಿದೆವು. ಒಳಗೆ ಕೂತು, ಮನೆಯಿಂದ ತಂದಿದ್ದ ಚಪಾತಿ, ಮಾವಿನಕಾಯಿ ಉಪ್ಪಿನಕಾಯಿ ತಿಂದೆವು. ಖಾಲಿ ತಟ್ಟೆ ಕಂಡು ಅವಳ ಮುಖ ಅರಳಿತು. ಮರುದಿನ ಮಧ್ಯಾಹ್ನದ ಊಟಕ್ಕೆ ಇನ್ನೆರಡು ತುಂಡು ಹೆಚ್ಚಿಗೆ ಹಾಕಿದಳು!

ಆ ಮಧ್ಯಾಹ್ನವೇ ಮಗಳಿಗೆ ಜ್ವರ ಬಂತು. ಮೈ ಮುಟ್ಟಿದರೆ ಕೈ ಸುಡುತ್ತಿತ್ತು. ಆಸ್ಪತ್ರೆಗೆ ನಾಲ್ಕು ಗಂಟೆಯ ದಾರಿ, ಸಂಜೆಗೂ ಇಳಿಯದಿದ್ದರೆ ಹೊರಡೋಣ ಎಂದ ಗೈಡ್. ಮಲೇರಿಯಾ ಎಂಬ ಮಾತು ತಲೆಗೆ ಹೊಕ್ಕಿದ್ದೇ ನನ್ನ ಇಂಜಿನಿಯರಿಂಗ್ ಎಲ್ಲ ಆವಿಯಾಯಿತು. ವೈಫೈ ಸಿಗುತ್ತಿದ್ದ ಆಫೀಸಿನ ಬಳಿಗೆ ಓಡಿ ಬೆಂಗಳೂರಿಗೆ, ಅಮ್ಮಿಗೆ ಫೋನ್ ಮಾಡಿದೆ. ಅಮ್ಮಿ ದಖನಿಯಲ್ಲಿ ಹೇಳಿದ್ದು ಒಂದೇ ಮಾತು: "ಸದ್ಕಾ ನಿಕಾಲ್ ಮಾ, ಬಲಾ ಟಲ್ ಜಾತಿ."

ನಮ್ಮ ಮನೆಯಲ್ಲಿ ಮಕ್ಕಳಿಗೆ ಕಾಯಿಲೆಯಾದರೆ ಮಾಂಸದ ತುಂಡನ್ನು ತಲೆಯ ಸುತ್ತ ನಿವಾಳಿಸಿ ಹದ್ದುಗಳಿಗೆ ಎಸೆಯುತ್ತಾರೆ. ಅದೇ ಸದ್ಕಾ. ಬಲಾ, ಅಂದರೆ ಮಗುವಿನ ಮೇಲೆ ಬಂದ ಕಂಟಕ, ಅದರೊಂದಿಗೆ ದೂರ ಹೋಗುತ್ತದೆ ಎಂದು ನಂಬಿಕೆ. ನನಗೂ ಚಿಕ್ಕಂದಿನಲ್ಲಿ ಮಾಡಿದ್ದಾರೆ. "ಇಲ್ಲಿ ಹಸಿ ಮಾಂಸ ಇಲ್ಲ, ಇರೋದು ಹಲಾಲೂ ಅಲ್ಲ" ಎಂದಾಗ ಅಮ್ಮಿ ರೇಗಿದಳು. ಹದ್ದು ನಿನ್ನನ್ನು ಸರ್ಟಿಫಿಕೇಟ್ ಕೇಳುತ್ತಾ ಎಂದಳು.

ಡೇರೆಯಲ್ಲಿ ಮ್ಮಾ ಆ ದಿನ ಕೊಟ್ಟ ಮಾಂಸ ಹಾಗೇ ಇತ್ತು. ಮಗಳ ತಲೆಯ ಸುತ್ತ ಏಳು ಸಲ ನಿವಾಳಿಸಿ, ಡೇರೆಯ ಹಿಂದಿನ ಬಂಡೆಯ ಮೇಲೆ ಇಟ್ಟೆ. ಮೇಲೆ ಹದ್ದುಗಳು ಸುತ್ತುತ್ತಿದ್ದವು. ಒಂದು ಇಳಿದು ಒಂದು ತುಂಡು ಎತ್ತಿಕೊಂಡು ಹೋಯಿತು, ನನ್ನ ಎದೆಯ ಭಾರ ಇಳಿಯಿತು. ಉಳಿದದ್ದನ್ನೂ ಒಯ್ಯಲಿ, ಆಮೇಲೆ ಜಾಗ ಚೊಕ್ಕ ಮಾಡೋಣ ಎಂದುಕೊಂಡೆ. ಅಷ್ಟರಲ್ಲಿ ಮಗಳು ವಾಂತಿ ಮಾಡಿದಳು. ಮ್ಮಾ ಗಂಜಿ ಕಾಯಿಸಿಕೊಂಡು ಬಂದಳು, ಒದ್ದೆ ಬಟ್ಟೆಯಿಂದ ಮಗಳ ಪಾದ ಒರೆಸಿದಳು, ಮಗು ಹೇಗಿದೆ ಎಂದು ಆಮೇಲೆ ತಿಳಿಸು ಎನ್ನುತ್ತ ನನ್ನ ನಂಬರು ಬರೆದುಕೊಂಡಳು. ಸಂಜೆಗೆ ಜ್ವರ ಇಳಿಯಿತು. ಬಂಡೆಯ ಮೇಲಿನದು ನನಗೆ ನೆನಪೇ ಆಗಲಿಲ್ಲ.

ಇನ್ನೂ ಬೆಳಕಿರುವಾಗಲೇ ಕತ್ತೆಕಿರುಬ ಬಂತು. ಡೇರೆಗಳ ನಡುವೆ, ತನ್ನದೇ ಮನೆ ಎಂಬಂತೆ, ತಲೆ ತಗ್ಗಿಸಿ ನಡೆದು ಬಂತು. ಪಕ್ಕದ ಡಚ್ ಅಜ್ಜ ಕುರ್ಚಿಯಿಂದ ಎದ್ದು ಓಡಿದ, ಹಗ್ಗಕ್ಕೆ ಕಾಲು ಸಿಕ್ಕಿ ಬಿದ್ದ, ಮಣಿಕಟ್ಟು ಮುರಿಯಿತು. ಗೈಡ್ ಜೀಪಿನ ಹಾರ್ನ್ ಬಾರಿಸಿ ಅದನ್ನು ಓಡಿಸಿದ.

ಬೆಳಿಗ್ಗೆ ಮ್ಯಾನೇಜರ್ ಕಚ್ಚಿದ ಗುರುತಿದ್ದ ಒಂದು ಎಲುಬು ಹಿಡಿದುಕೊಂಡು ಟೀ ಮೇಜಿಗೆ ಬಂದ. ಯಾರಾದರೂ ಊಟ ಹೊರಗೆ ಹಾಕಿದ್ದೀರಾ ಎಂದು ಕೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಅದನ್ನೂ ಮಾಡದೆ ಟೀಗೆ ಸಕ್ಕರೆ ಕದಡುತ್ತ ಕೂತೆ. ಗಂಡ ಮೇಜಿನ ಕೆಳಗೆ ನನ್ನ ಕೈ ಅದುಮಿ, ಕನ್ನಡದಲ್ಲಿ ಪಿಸುಗುಟ್ಟಿದ.

"ಸುಮ್ನಿರು. ಆ ಅಜ್ಜ ಕೇಸ್ ಗೀಸ್ ಹಾಕಿದ್ರೆ ಅಲ್ಲಿ ನಮ್ ರೆಸಿಡೆನ್ಸ್ ಪರ್ಮಿಟ್ ಗತಿ ಏನು?"

ನಮ್ಮ ತಟ್ಟೆ ಖಾಲಿಯಾಗಿ ಹೋಗಿತ್ತಲ್ಲ, ನಮ್ಮ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಮ್ಮಾಳನ್ನು ಕರೆಸಿದರು. "ಪೆಟ್ಟಿಗೆಗೆ ಬೀಗ ಹಾಕಿದ್ದೆ ಸಾರ್, ಎರಡು ಸಲ ಎಳೆದು ನೋಡಿದೆ," ಎಂದಳು. ಯಾರೂ ನಂಬಲಿಲ್ಲ. ಮಧ್ಯಾಹ್ನ ಸಾಮಾನು ತಂದ ಲಾರಿಯಲ್ಲಿಯೇ ಅವಳನ್ನು ಊರಿಗೆ ಕಳಿಸಿದರು. ಹತ್ತುವ ಮೊದಲು ನಮ್ಮ ಡೇರೆಗೆ ಬಂದು ಮಗಳ ಹಣೆ ಮುಟ್ಟಿ ನೋಡಿ ಹೋದಳು. ಥೂ, ಆಗಲಾದರೂ ಬಾಯಿ ಬಿಡಬಾರದಿತ್ತೆ ನಾನು!

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಶುದ್ಧ ಸುಳ್ಳು. ಮಾಡಿದವಳು ನಾನು, ಉಂಡವಳು ಅವಳು. ಮನೆಗೆ ಬಂದ ಮೇಲೆ ಅಮ್ಮಿ ಫೋನಿನಲ್ಲಿ, "ನೋಡಿದ್ಯಾ, ಬಲಾ ಹೋಯ್ತು," ಎಂದು ಹಿಗ್ಗಿದಳು. ಹೋಗಿದ್ದು ನಿಜ. ಎಲ್ಲಿಗೆ ಹೋಯಿತು ಎಂದು ಅಮ್ಮಿಗೆ ಹೇಳಲಿಲ್ಲ.

ಮೂರು ವಾರದ ಮೇಲೆ, ಆಫೀಸಿನಿಂದ ಬಂದು ಸೈಕಲ್ಲಿಗೆ ಬೀಗ ಹಾಕುತ್ತಿದ್ದಾಗ ಮ್ಮಾಳ ಮೆಸೇಜ್ ಬಂತು. ಮಗು ಹೇಗಿದೆ ಎಂದು ಮೊದಲು ಕೇಳಿದ್ದಳು. ಆಮೇಲೆ, ಬೇರೆ ಕ್ಯಾಂಪಿನಲ್ಲಿ ಕೆಲಸ ಕೇಳುತ್ತಿದ್ದೇನೆ, ಒಂದು ಒಳ್ಳೆಯ ಪತ್ರ ಬರೆದುಕೊಡುತ್ತೀಯಾ ಎಂದಿದ್ದಳು. "ನನ್ನ ಅಡುಗೆಯನ್ನು ಒಂದು ತುಂಡೂ ಬಿಡದೆ ತಿಂದವರು ನೀವು. ನೀವು ಹೇಳಿದರೆ ನಂಬುತ್ತಾರೆ."

"ಬರೆದ್ಬಿಡ್ಲಾ ಎಲ್ಲಾನೂ?" ಎಂದು ಗಂಡನನ್ನು ಕೇಳಿದೆ. ಅವನು ಮಗಳ ಕಡೆ ಕಣ್ಣು ತೋರಿಸಿದ. ಮಗಳು ಡಚ್ ಭಾಷೆಯಲ್ಲಿ ಏನೋ ಹಾಡುತ್ತ ಹೋಂವರ್ಕ್ ಮಾಡುತ್ತಿದ್ದಳು, ಗಟ್ಟಿಮುಟ್ಟಾಗಿ.

ಎರಡು ಪುಟ ಬರೆದೆ. ವರದಿ ಬರೆದು ಪಳಗಿದ ಕೈ ತಾನೆ. ಅವಳ ಶುಚಿತ್ವ, ಅವಳ ಅಕ್ಕರೆ, ನಾನು ನಾಲಿಗೆಗೂ ಮುಟ್ಟಿಸದ ಆ ಮಾಂಸದ ರುಚಿ, ಎಲ್ಲವನ್ನೂ ಹೊಗಳಿದೆ. ಎಲುಬು ಬಂದದ್ದು ನಮ್ಮ ಡೇರೆಯಿಂದ ಎಂಬ ಒಂದೇ ಸಾಲು ಬರೆದಿದ್ದರೆ ಅವಳ ಮಾನ ಅವಳಿಗೆ ವಾಪಸು ಸಿಗುತ್ತಿತ್ತು. ಅದೊಂದನ್ನು ಬಿಟ್ಟು ಕಳಿಸಿದೆ.

ಉತ್ತರ ತಕ್ಷಣ ಬಂತು. "ನಿನ್ನಂಥ ಒಳ್ಳೆಯವಳ ಮಗಳಿಗೆ ಇನ್ನು ಯಾವ ಕಾಯಿಲೆಯೂ ಬರದಿರಲಿ. ದಿನಾ ಪ್ರಾರ್ಥನೆ ಮಾಡುತ್ತೇನೆ."